ಬಿತ್ತನೆ ಬೀಜ ಸುಲಿಯುವ ಕೈ

ಬರಗೂರಿನ ಹತ್ತಿರದ ನಮ್ಮಕ್ಕನ ಊರಿನಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುವುದು ಹೆಂಗಸರ ಪಾಲು. ಗಂಡಸರು ಸುಲಿಯಬಾರದೆಂದು ಯಾವ ದೇವರೂ ಹೇಳಿಲ್ಲ, ಆದರೂ ಮುಟ್ಟುವುದಿಲ್ಲ. ಸಾವಯವ ಬೇಸಾಯಕ್ಕೆ ಬಂದ ಮೇಲೆ ಕಷ್ಟ ಇನ್ನೂ ಹೆಚ್ಚಿತು. ಬೀಜಕ್ಕೆ ಔಷಧಿ ಹಚ್ಚುವಂತಿಲ್ಲ. ಕೆಂಪು ಸಿಪ್ಪೆ ಚೂರು ಕಿತ್ತುಬಂದರೂ ಬೀಜ ಮಣ್ಣಲ್ಲಿ ಕೊಳೆಯುತ್ತದೆ. ಹಾಗಾಗಿ ಒಂದೊಂದೇ ಕಾಯಿಯನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿಸಬೇಕು. ಅಕ್ಕನ ಹೆಬ್ಬೆರಳು ಸೀಳಿ, ಕೀವಾಗಿ, ಮಡಿಸಲಿಕ್ಕೇ ಬಾರದಂತಾಗಿತ್ತು. ನಾನು ಟೀಚರು, ಸೀಮೆಸುಣ್ಣ ಹಿಡಿದವಳು. ಅವಳ ಪಕ್ಕ ಕೂತರೆ ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಕಾಯಿ ಕೊಳ್ಳುವ ಸಂಸ್ಥೆಯವರು ನ್ಯಾಯವಾದ ಬೆಲೆಯ ಜೊತೆಗೆ ರೈತರ ಸಂಘಕ್ಕೆ ಬೇರೆ ಹಣವನ್ನೂ ಕೊಡುತ್ತಾರೆ. ಅದನ್ನು ಯಾವುದಕ್ಕೆ ಬಳಸಬೇಕೆಂದು ಗಂಡಸರು ಹೆಂಗಸರು ಒಟ್ಟಿಗೆ ಕೂತು ತೀರ್ಮಾನಿಸಬೇಕು ಎಂಬುದು ಅವರ ಷರತ್ತು. ಅಕ್ಕನಿಗೆ ಬೇಕಿದ್ದುದು ಬೀಜ ಸುಲಿಯುವ ಕೈಮಿಷನ್ನು. ಗಂಡಸರಿಗೆ ಗೋಡೌನಿನ ಸುತ್ತ ಕಾಂಪೌಂಡು.

ಸಭೆಯ ದಿನ ನಾನೂ ಹೋಗಿದ್ದೆ. ಸಮಾನತೆಯ ಸಭೆ ಅಂತ ಶಾಮಿಯಾನ ಬೇರೆ! ಹೆಂಗಸರೆಲ್ಲಿ ಎಂದು ನೋಡಿದರೆ, ಹಿಂದುಗಡೆ ಸಭೆಗೆ ಬಂದವರಿಗೆಲ್ಲ ಮುದ್ದೆ ಕಟ್ಟುತ್ತಿದ್ದಾರೆ. ಯಾರಿಗೂ ಕೆಟ್ಟ ಬುದ್ಧಿಯೇನಿಲ್ಲ. ಊಟ ಆಗಬೇಕಲ್ಲ, ಅವರಿಗೆ ಹೊಳೆದಿದ್ದು ಅಷ್ಟೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

“ಕಾಂಪೌಂಡಿಗೆ ಒಪ್ಪೋರು ಕೈ ಎತ್ರಪ್ಪ” ಎಂದರು ಸಂಘದ ಅಧ್ಯಕ್ಷರು. ನಮ್ಮ ಬಾವನ ಕೈಯೂ ಎದ್ದಿತು. ಅಕ್ಕನ ಬೆರಳಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದ ಅದೇ ಬಾವ!

ಓಡಿಹೋಗಿ ಅಕ್ಕನಿಗೆ ಹೇಳಿದೆ. ಅವಳು ಒಲೆಗೆ ಸೌದೆ ಒಡ್ಡುವುದನ್ನು ಅಲ್ಲೇ ಬಿಟ್ಟು ಶಾಮಿಯಾನದೊಳಗೆ ಬಂದಳು. ಹಿಟ್ಟು ತಿರುವುತ್ತಿದ್ದ ಮಿಕ್ಕವರೂ ಬಂದರು.

“ನಮ್ ಮಾತೂ ಕೇಳ್ರಣ್ಣ. ನಮ್ಗೆ ಬೀಜ ಸುಲಿಯೋ ಮಿಷನ್ ಬೇಕು.”

“ಮಿಷನ್ನಾಗೆ ಬೀಜ ಒಡದೋಗ್ತಾವೆ ಕಣಮ್ಮ, ನಿಮ್ ಕೈನಂಗೆ ಆಯ್ತದಾ?” ಎಂದರು ಅಧ್ಯಕ್ಷರು. “ಹೋಗ್ರಮ್ಮ, ಮುದ್ದೆ ಗಂಟಾಯ್ತದೆ.”

ಅಕ್ಕ ಅವರತ್ತ ನೋಡಲಿಲ್ಲ. ಬಾವನನ್ನೇ ನೋಡಿದಳು. “ಬೀಜಕ್ಕೇನಾರ ಆದ್ರೆ ಇಷ್ಟು ಸಂಕ್ಟ ಪಡ್ತೀರ. ನನ್ ಬೆರಳು ಹೆಂಗಾದ್ರೂ ಆಗ್ಲಿ ಅಂತಾನಾ?”

ಬಾವನ ಮುಖ ಸಣ್ಣದಾಯಿತು. ಷರತ್ತು ಮೀರಲಾಗದೆ ಅಧ್ಯಕ್ಷರು ಮಿಷನ್ನಿಗೂ ಕೈ ಎತ್ತಿ ಎಂದಾಗ ಹೆಂಗಸರ ಕೈಗಳ ಜೊತೆ ಎದ್ದ ಗಂಡಸಿನ ಕೈ ಬಾವನದೊಂದೇ.

“ಹೆಂಡ್ತಿ ಹೇಳ್ದಂಗೆ ಕುಣೀತಾನ್ ನೋಡ್ಲಾ” ಎಂದು ಯಾರೋ ನಕ್ಕರು. ಬಾವ ಕೈ ಇಳಿಸಲಿಲ್ಲ. ಹೆಂಗಸರೇ ಹೆಚ್ಚಿದ್ದರು, ಗೆದ್ದರು. ಆವತ್ತು ಎಲ್ಲರೂ ಗಂಟು ಗಂಟು ಮುದ್ದೆ ನುಂಗಿದೆವು.

ಮಿಷನ್ನು ಬಂತು. ಅಕ್ಕ ಆಸೆಯಿಂದ ಅದರ ಹಿಡಿಗೆ ಕೈ ಹಾಕಿದಳು. ಹೆಬ್ಬೆರಳು ಮಡಚಿ ಹಿಡಿಯಲು ಆಗಲೇ ಇಲ್ಲ.

ಈಗ ಆ ಹಿಡಿ ಆಡಿಸಿ ಬೀಜ ಸುಲಿಯುವುದು ಬಾವ.