ಜೋಹರಾ ಗೆರೆಯುದ್ದ ಓಡುತ್ತಿದ್ದುದು

ಕಳೆದ ವರ್ಷವೂ ನಾನು ಸುಳ್ಯ, ಪುತ್ತೂರು, ಕಡಬ ಕಡೆಯ ಹೆಂಗಸರ ಕಬಡ್ಡಿಗೆ ಅಂಪೈರ್ ಆಗಿದ್ದೆ. ವಾರವೆಲ್ಲ ಐವರ್ನಾಡಿನ ಮನೆಯಲ್ಲಿ ಬೀಡಿ ಕಟ್ಟುವುದು, ಭಾನುವಾರ ವಿಸಿಲ್ ಊದುವುದು. ಓದಿದ್ದು ಐದನೇ ಕ್ಲಾಸು. ಮೊಮ್ಮಕ್ಕಳಾದ ಮೇಲೂ ಕಿವಿ ಚುರುಕಾಗಿತ್ತು, ಈ ಕೆಲಸಕ್ಕೆ ಅದು ಬೇಕು. ದಾಳಿಗೆ ಹೋದವಳು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು. ಇದಕ್ಕೆ ಕ್ಯಾಂಟ್ ಎನ್ನುತ್ತಾರೆ. ಅದು ತುಂಡಾದರೆ ಅವಳು ಔಟ್.

ಅಂಕಣದ ಇನ್ನೊಂದು ಬದಿಗೆ ಯಾವಾಗಲೂ ಪುತ್ತೂರಿನ ಜೋಹರಾ. ಪ್ರಾಯದಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಆಡಿದವರು. ದಾಳಿಯವಳು ಎತ್ತ ತಿರುಗಿದರೂ ಜೋಹರಾ ಗೆರೆಯುದ್ದ ಓಡಿ ಅವಳ ಮುಖದೆದುರು ಬರುತ್ತಿದ್ದಳು. ಹೊಸಬರಿಗೆ ನಾನು ಅವಳನ್ನೇ ತೋರಿಸುತ್ತಿದ್ದೆ.

ಕಡಬದ ಫೈನಲ್‌ಗೆ ಮೊದಲು ಸುಳ್ಯದಲ್ಲಿ ವಿಆರ್ ತರಬೇತಿ ಇಟ್ಟರು. ಕಣ್ಣಿಗೆ ದಪ್ಪ ಕನ್ನಡಕ, ಕಿವಿಗೆ ಹೆಡ್‌ಫೋನ್. ಹಾಕಿಕೊಂಡರೆ ಎದುರಿಗೇ ಪಂದ್ಯ ನಡೆಯುತ್ತದೆ. ನಿಂತಲ್ಲೇ ನಿಂತು ವಿಸಿಲ್ ಊದಬೇಕು. ಪಾಸಾದವರಿಗೆ ಮಾತ್ರ ಫೈನಲ್.

“ಬಾವಿಗೆ ಇಳಿಯುವವಳ ಹಾಗೆ ಉಂಟು ನಿನ್ನ ವೇಷ” ಎಂದೆ.

“ನೀವು ಹಾಕಿದ್ರೆ ಮಕ್ಕಳು ಹೆದರಿ ಓಡ್ತಾರೆ ಲಲಿತಕ್ಕ” ಎಂದು ಜೋಹರಾ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಎಳೆದುಕೊಂಡಳು.

ಅವಳಿಗೆ ಕಾಣುವುದು ಟಿವಿಯಲ್ಲಿ ನಮಗೂ ಕಾಣುತ್ತಿತ್ತು. ದಾಳಿಯವಳು ಬೆನ್ನು ತಿರುಗಿಸಿದಳು, ಕ್ಯಾಂಟ್ ತುಂಡಾಯಿತು ಎಂದು ಟಿವಿಯಲ್ಲಿ ಅಕ್ಷರ ಬಂತು. ಜೋಹರಾ ಊದಲಿಲ್ಲ. ತರಬೇತಿಯ ಮಾಸ್ಟ್ರು ಶಬ್ದ ಏರಿಸಿ ಮತ್ತೆ ಹಾಕಿದರು. ಹೆಡ್‌ಫೋನಿನ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿತು. ಆಗಲೂ ಊದಲಿಲ್ಲ. ಕಾಲು ಮಾತ್ರ ಬದಿಗೆ ಓಡಲು ನೋಡುತ್ತಿತ್ತು. ಇಷ್ಟು ಕಾಲ ಅವಳು ಓಡಿದ್ದು ತುಟಿ ನೋಡಲಿಕ್ಕೆ ಎಂದು ನನಗೆ ಆಗ ತಿಳಿಯಿತು.

“ಕನ್ನಡಕ ಸರಿ ಕೂತಿಲ್ವೋ ಏನೋ, ಫೈನಲ್‌ಗೆ ಬರ್ಲಿ” ಎಂದರು ಮಾಸ್ಟ್ರು.

ಜೋಹರಾ ನನ್ನನ್ನು ಹೊರಗೆ ಎಳೆದಳು. “ಹೇಳ್ಬೇಡಿ ಲಲಿತಕ್ಕ. ಕಿವಿ ಕೇಳ್ಲಿಕ್ಕೆ ಮೆಷಿನ್ ಇಟ್ರೂ ಗಲಾಟೆ ಮಾತ್ರ ಕೇಳುದು. ಅಂಕಣದಲ್ಲಿ ನಾನು ಓಡ್ತೇನಲ್ಲ?”

“ನೀನು ಓಡಿ ಎದುರು ಬರುವಾಗ ದಾಳಿಯವಳು ಇನ್ನೊಂದು ಉಸಿರು ತೆಗ್ದಿರ್ತಾಳೆ ಮಾರಾಯ್ತಿ.”

“ಇದೊಂದು ಬಿಟ್ರೆ ನಂಗೆ ಹೊರಗೆ ಹೋಗ್ಲಿಕ್ಕೆ ಎಂತ ಉಂಟು?”

ಒಳಗೆ ಹೋಗಿ, ಅವಳಿಗೆ ಕಿವಿ ಸರಿ ಕೇಳುವುದಿಲ್ಲ ಎಂದು ಮಾಸ್ಟ್ರಿಗೆ ಹೇಳಿದೆ. ಆಡುವ ಹುಡುಗಿಯರಿಗೆ ಅನ್ಯಾಯ ಆಗಬಾರದು.

ಫೈನಲ್‌ನಲ್ಲಿ ಜೋಹರಾ ಜನರ ನಡುವೆ ಕೂತಿದ್ದಳು. ಕೊನೆಯ ದಾಳಿಯಲ್ಲಿ ಕ್ಯಾಂಟ್ ತುಂಡಾಯಿತು, ನಾನು ಊದಿದೆ. ಅಭ್ಯಾಸದಲ್ಲಿ ಅವಳ ಕಡೆ ನೋಡಿದೆ. ವಿಸಿಲ್ ಆಯಿತೋ ಇಲ್ಲವೋ ಎಂದು ಅವಳು ಅಕ್ಕಪಕ್ಕದವರ ಮುಖ ನೋಡುತ್ತಿದ್ದಳು.

ಸರಿಯಾದ ತೀರ್ಪು ಕೊಟ್ಟರೆ ಮನಸ್ಸು ಹಗುರ ಆಗುತ್ತದೆ ಎಂದು ಹೊಸ ಅಂಪೈರ್‌ಗಳಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಸರಿ ಇದ್ದರೆ ಊದಬೇಕು, ಅಷ್ಟೇ.