ಸೊಸೆ ಫೋನಿನಲ್ಲಿ ಹೇಳಿದ ಕೆರೆ

ಅಮೆರಿಕಾದ ಸ್ಯಾನ್ ಡಿಯಾಗೋದಲ್ಲಿ, ಸ್ಕ್ರಿಪ್ಸ್ ರ್ಯಾಂಚಿನ ಮಗನ ಆ ಮನೆಯಲ್ಲಿ ಮಹಡಿಯ ಮೆಟ್ಟಿಲು ಅಡುಗೆಮನೆಯ ಎದುರಿಗೇ ಇತ್ತು. ನೆಲದ ಮೇಲೆ ಕೂತರೆ ನನಗೆ ಏಳಲು ಆಗುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂತರೆ ಕಾಲು ಜೋತು ಬೀಳುತ್ತಿದ್ದವು. ಹಾಗಾಗಿ ಮೂರನೇ ಮೆಟ್ಟಿಲೇ ನನ್ನ ಜಾಗ. ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಸೋಸುವುದು ಎಲ್ಲ ಅಲ್ಲೇ. ಅಲ್ಲಿ ಕೂತವರಿಗೆ ಅಡುಗೆಮನೆಯಲ್ಲಿ ಆಗುವುದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಕಾಣದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗ ಅನಿಸುತ್ತದೆ.

ಅದು 2004ರ ಬೇಸಿಗೆ. ಮಗನ ಮನೆಗೆ ನಾನು ಹೋದದ್ದು ಅದು ಮೂರನೇ ಸಲ. ಮೊದಲ ಸಲ 2001ರಲ್ಲಿ. ವಿಸಿಟರ್ ವೀಸಾ ಅಂದರೆ ಆರು ತಿಂಗಳು ಅಲ್ಲಿ, ಆಮೇಲೆ ನಮ್ಮ ಗದಗ. ಹಿಂದಿನ ವರ್ಷ ಬಂದ ಕಾಡ್ಗಿಚ್ಚಿನಲ್ಲಿ ನಮ್ಮ ಮನೆಗಳ ಸಾಲು ಉಳಿದಿತ್ತು, ಹಿಂದಿನ ಸಾಲು ಸುಟ್ಟುಹೋಗಿತ್ತು. ಕೆಲವರು ಕಟ್ಟಿಸುತ್ತಿದ್ದರು, ಕೆಲವರು ಬಂದಿರಲೇ ಇಲ್ಲ. ಒಂದು ಕಡೆ ಮನೆಯಿಲ್ಲ, ಗೇಟಿಲ್ಲ, ಟಪಾಲು ಡಬ್ಬಿ ಮಾತ್ರ ನಂಬರು ಹೊತ್ತು ನಿಂತಿತ್ತು. ಸಂಜೆ ಅಡ್ಡಾಡಲು ಹೋದಾಗ ಆ ನಂಬರು ನೋಡಿ, ಯಾರು ಯಾರಿಗೆ ಏನು ಬರೆಯುತ್ತಾರೋ ಎಂದುಕೊಂಡು ಮುಂದೆ ಹೋಗುತ್ತಿದ್ದೆ.

ಜುಲೈಯಲ್ಲಿ ಮಗನ ಕಂಪನಿಯವರು ಸ್ಯಾನ್ ಡಿಯಾಗೋದ ಆಫೀಸು ಮುಚ್ಚುತ್ತೇವೆ, ಸೆಪ್ಟೆಂಬರ್ ಕೊನೆಗೆ ನಿನ್ನ ಕೆಲಸ ಮುಗಿಯಿತು ಎಂದರು. ಕೆಲಸ ಹೋದರೆ ಅವನ ವೀಸಾ ಹೋಗುತ್ತದೆ. ಅವನದು ಹೋದರೆ ಹೆಂಡತಿಯದೂ ಮಗಳದೂ ಹೋಗುತ್ತದೆ. ಆ ಹುಡುಗಿಗೆ ಹದಿನೆಂಟು. ಸಣ್ಣವಳಿದ್ದಾಗ ಬಂದವಳು. ಅಲ್ಲಿಯೇ ಹೈಸ್ಕೂಲು ಮುಗಿಸಿ, ಲಾಸ್ ಏಂಜಲೀಸ್ ಹತ್ತಿರದ ನಾರ್ತ್‌ರಿಜ್‌ನ ಕಾಲೇಜಿನಲ್ಲಿ ಸೀಟು ಹಿಡಿದು, ಇಬ್ಬರು ಗೆಳತಿಯರ ಜೊತೆ ಅಲ್ಲೊಂದು ಅಪಾರ್ಟ್‌ಮೆಂಟು ಗೊತ್ತು ಮಾಡಿ, ಹಾಸಿಗೆ ಪುಸ್ತಕ ಸಾಗಿಸಿಯೂ ಆಗಿತ್ತು. ಅಪ್ಪನ ವೀಸಾ ಇಲ್ಲದೆ ಅಲ್ಲಿ ಓದಬೇಕಾದರೆ ಅವಳು ಪರದೇಶದ ವಿದ್ಯಾರ್ಥಿ ಆಗಬೇಕಂತೆ. ಆ ಫೀ ನೋಡಿ ಮಗ ಕಂಪ್ಯೂಟರು ಮುಚ್ಚಿಟ್ಟ. ಊರಿಗೆ ಕರಕೊಂಡು ಹೋದರೆ ಅಲ್ಲಿ ಸಿಇಟಿ ಮುಗಿದಿತ್ತು, ಇಲ್ಲಿ ಓದಿದ್ದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಈ ಹುಡುಗಿ ಎಲ್ಲಿ ಇರಬೇಕು, ಯಾವ ಕ್ಲಾಸಿನಲ್ಲಿ ಕೂರಬೇಕು ಎಂಬುದೇ ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿತ್ತು.

ದಾರಿ ತೋರಿಸಿದವಳು ಇಂಗ್ಲೆಂಡಿನಲ್ಲಿದ್ದ ಸೊಸೆಯ ಅಕ್ಕ. ಅಲ್ಲಿ ಆಗಸ್ಟಿನಲ್ಲಿ ರಿಸಲ್ಟ್ ಬಂದ ಮೇಲೆ ಖಾಲಿ ಉಳಿದ ಸೀಟುಗಳನ್ನು ಫೋನಿನ ಮೇಲೆ ಕೊಡುತ್ತಾರಂತೆ. ಅದಕ್ಕೆ ಕ್ಲಿಯರಿಂಗ್ ಎನ್ನುತ್ತಾರಂತೆ. ಜೂನ್ ದಾಟಿದ ಮೇಲೆ ಬಂದ ಅರ್ಜಿ ನೇರ ಅಲ್ಲಿಗೇ ಹೋಗುತ್ತದಂತೆ, ಪರದೇಶದವರಿಗೂ ನಡೆಯುತ್ತದಂತೆ. ಹುಡುಗಿ ತಮ್ಮ ಮನೆಯಲ್ಲೇ ಇರಲಿ, ಮೂರೇ ವರ್ಷದ ಓದು, ಖರ್ಚೂ ಕಡಿಮೆ ಎಂದಳು ಆಕೆ.

"ಹಂಗಂದ್ರ ಸಂತಿ ಏಳೂ ಹೊತ್ತಿನ ಕಾಯಿಪಲ್ಯ," ಎಂದೆ ನಾನು. "ಒಳ್ಳೇದನ್ನ ಮಂದಿ ಮುಂಜಾನೇನ ಒಯ್ದಿರ್ತಾರ."

ಸೊಸೆ ಬೆಂಗಳೂರಿನವಳು. ನನಗೆ ಉತ್ತರ ಕೊಡಲು ಎಂದೂ ಹಿಂದೆ ಮುಂದೆ ನೋಡಿದವಳಲ್ಲ. "ಅತ್ತೆ, ಸೀಟು ಬದನೆಕಾಯಲ್ಲ. ಹುಳ ಬಿದ್ದಿರಲ್ಲ," ಎಂದಳು.

"ಹುಡುಗಿನ್ನ ಕೇಳೀರೇನು?"

"ಅವಳಿಗೇನು ಗೊತ್ತಾಗುತ್ತೆ? ಮೊದಲು ಸೀಟು ಸಿಗಲಿ."

ಅರ್ಜಿ ಹೋಯಿತು, ಅರ್ಜಿಯ ನಂಬರು ಬಂತು. ಖಾಲಿ ಸೀಟುಗಳ ಪಟ್ಟಿಯನ್ನು ಮಗ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ. ಇಂಗ್ಲೆಂಡಿನ ಕಾಲೇಜಿನವರು ಸಂಜೆ ಮನೆಗೆ ಹೋಗುವ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಒಂಬತ್ತು. ಹಾಗಾಗಿ ಆರಕ್ಕೆಲ್ಲ ಎದ್ದು, ಹೊರಗೆ ಹುಲ್ಲಿಗೆ ನೀರು ಚಿಮ್ಮುವ ಸದ್ದಿನಲ್ಲಿ, ಅಡುಗೆಮನೆಯ ಫೋನಿನ ಸುತ್ತ ಎಲ್ಲರೂ ನಿಲ್ಲುವುದು.

ಮೊದಲ ಫೋನು ಹುಡುಗಿಯೇ ಮಾಡಿದಳು. ಮಾರ್ಕ್ಸು ಹೇಳಿದಳು, ನಂಬರು ಹೇಳಿದಳು. ಆಮೇಲೆ ಏನೋ ಎರಡು ಮಾತು ಆಡಿ, ಥ್ಯಾಂಕ್ ಯೂ ಎಂದು ಇಟ್ಟಳು.

"ಏನಾಯ್ತು?" ಎಂದಳು ಸೊಸೆ.

"ಯಾಕೆ ಈ ಕೋರ್ಸ್ ಬೇಕು ಅಂತ ಕೇಳಿದ್ರು. ಐ ಡೋಂಟ್ ನೋ ಅಂದೆ."

"ಗೊತ್ತಿಲ್ಲ ಅಂದ್ಯಾ?"

"ಗೊತ್ತಿಲ್ಲ, ಮಮ್ಮಿ. ಗೊತ್ತಿಲ್ದೇ ಇದ್ರೆ ಏನಂತ ಹೇಳ್ಲಿ?"

ಯೋಚನೆ ಮಾಡಿ ಮತ್ತೆ ಫೋನ್ ಮಾಡು ಎಂದಿದ್ದರಂತೆ. ಮರುದಿನ ಮಾಡಿದರೆ ಆ ಸೀಟು ಹೋಗಿತ್ತು. ಇನ್ನೊಂದು ಕಡೆಗೆ ಮಗನೇ ಮಾಡಿದ. ಅರ್ಜಿ ಹಾಕಿದವರ ಜೊತೆ ಮಾತ್ರ ಮಾತಾಡುತ್ತೇವೆ, ತಂದೆಯ ಜೊತೆ ಅಲ್ಲ ಎಂದು ಅವರು ನಯವಾಗಿ ಹೇಳಿದರಂತೆ. ನಮ್ಮಲ್ಲಿ ಹೆಣ್ಣು ಕೊಡುವಾಗ, ತರುವಾಗ, ಶಾಲೆಗೆ ಹಾಕುವಾಗ, ಬಿಡಿಸುವಾಗ ಹಿರಿಯರೇ ಮಾತಾಡಿದ್ದು. ನನ್ನನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದಾಗಲೂ ಮಾಸ್ತರರು ನನ್ನನ್ನೇನೂ ಕೇಳಲಿಲ್ಲ. ಮಗನಿಗೆ ಇದು ಅವಮಾನವಾಯಿತು. "ಅಪ್ಪ ಇದ್ದಾನ ಅಂತ ಹೇಳಿದ್ರೂ ಕೇಳವಲ್ರು, ಅವ್ವಾ," ಎಂದ.

ನಾಲ್ಕನೆಯ ದಿನದ ಪಟ್ಟಿಯಲ್ಲಿ ಒಂದು ಹೊಸ ಸಾಲು ಬಂತು. ಮೈಕ್ರೋಬಯಾಲಜಿ, ಸೊಸೆಯ ಅಕ್ಕನ ಊರಲ್ಲೇ. ಹುಡುಗಿ ಸ್ನಾನಕ್ಕೆ ಹೋಗಿದ್ದಳು. ಸೊಸೆ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು, ಫೋನ್ ತಗೊಂಡಳು, ನಂಬರು ಒತ್ತಿದಳು. ಮತ್ತು ತಾನೇ ಮಗಳು ಎಂಬಂತೆ ಮಗಳ ಹೆಸರು ಹೇಳಿದಳು.

ಅವರಿಬ್ಬರ ದನಿ ಫೋನಿನಲ್ಲಿ ಒಂದೇ. ಊರಿನಿಂದ ಫೋನ್ ಮಾಡಿದಾಗ ನಾನು ಎಷ್ಟೋ ಸಲ ಸೊಸೆಗೆ "ಉಂಡೇನವ್ವಾ ನನ್ನ ಕೂಸು" ಎಂದದ್ದೂ, "ಅತ್ತೆ, ನಾನು" ಎಂದು ಆಕೆ ನಕ್ಕಿದ್ದೂ ಉಂಟು. ಮಗ ಕಾಫಿ ಲೋಟ ಹಿಡಿದು ನಿಂತಿದ್ದ. ಹೆಂಡತಿಯನ್ನು ನೋಡಿದ, ತಡೆಯಲಿಲ್ಲ. ಜನ್ಮದಿನ ಕೇಳಿದಾಗ ಮಗಳದು ಹೇಳಿದಳು. ಮಾರ್ಕ್ಸು ಬಾಯಿಪಾಠ ಇತ್ತು.

ತಲೆಗೆ ಟವೆಲು ಸುತ್ತಿಕೊಂಡು ಹುಡುಗಿ ಮೆಟ್ಟಿಲು ಇಳಿದು ಬಂದಳು. ತನ್ನ ಹೆಸರು ಕೇಳಿ ನಿಂತಳು. ಆಮೇಲೆ ನನ್ನ ಪಕ್ಕದಲ್ಲಿ ಕೂತಳು. ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ನನಗೆ ಇಂಗ್ಲಿಷು ಬರುವುದಿಲ್ಲವಲ್ಲ, ಅಮ್ಮ ಹೇಳುತ್ತಿದ್ದುದನ್ನು ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳತೊಡಗಿದಳು.

"ಆಯಿ, ಯಾಕೆ ಈ ಕೋರ್ಸ್ ಅಂತ ಕೇಳಿದ್ರು. ಈಗ ನಾನು ಹೇಳ್ತಿದೀನಿ. ನಾನು ಚಿಕ್ಕವಳಿದ್ದಾಗ ಅಪ್ಪ ಒಂದು ಬಾಟಲಿಯಲ್ಲಿ ಕೆರೆ ನೀರು ತಂದುಕೊಟ್ರಂತೆ. ಅದನ್ನ ಸ್ಕೂಲಿಗೆ ತಗೊಂಡ್ಹೋಗಿ ಮೈಕ್ರೋಸ್ಕೋಪಲ್ಲಿ ನೋಡಿದ್ನಂತೆ. ಒಂದೇ ಹನಿ. ಅದ್ರಲ್ಲಿ ಎಷ್ಟೊಂದು ಜೀವ ಓಡಾಡ್ತಿತ್ತಂತೆ. ಅವತ್ತಿಂದ ನಾನು ನೀರು ಕುಡಿಯೋವಾಗೆಲ್ಲ ಅದೇ ಯೋಚನೆ ಮಾಡ್ತೀನಂತೆ."

"ಹೌದೇನು?" ಎಂದೆ.

"ನಾನು ಯಾವ ಕೆರೆ ನೋಡಿದೀನಿ, ಆಯಿ?" ಎಂದಳು. ನಕ್ಕಳು. ಆಮೇಲೆ, "ಚೆನ್ನಾಗಿ ಹೇಳ್ತಿದೀನಿ, ಅಲ್ವಾ?" ಎಂದಳು. ಈ ಸಲ ನಗಲಿಲ್ಲ.

ಆ ಕೆರೆ ಯಾವುದು ಎಂದು ನನಗೆ ಗೊತ್ತಿತ್ತು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಸೊಸೆಯ ಬಿ.ಎಸ್ಸಿ. ಮುಗಿದಿತ್ತು. ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಎರಡೇ ವರ್ಷ, ದಿನಾ ಬಸ್ಸಿಗೆ ಹೋಗಿ ಬರುತ್ತೇನೆ ಎಂದು ಕೇಳಿದ್ದಳು. ಆಗಲೂ ಈ ಕೆರೆ ನೀರಿನ ಕತೆ ಹೇಳಿದ್ದಳು, ಇದೇ ಬಾಟಲಿ, ಇದೇ ಹನಿ. ನಾನು ಬೇಡ ಎಂದೆ. ಮನೆಯಲ್ಲಿ ಆಳಿರಲಿಲ್ಲ, ನನ್ನ ಮಾವನವರು ಹಾಸಿಗೆ ಹಿಡಿದಿದ್ದರು. ಬೇಡ ಅಂದದ್ದು ತಪ್ಪು ಎಂದು ಹೇಳಲು ಈಗಲೂ ನನಗೆ ಬಾಯಿ ಬರುವುದಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ ನಾನು ಬಾಯಿ ಮುಚ್ಚಿಸಿದ್ದ ಆ ಹುಡುಗಿ, ಅಷ್ಟು ದೂರದ ಅಡುಗೆಮನೆಯಲ್ಲಿ, ನಲವತ್ತು ದಾಟಿದ ಹೆಂಗಸಿನ ಮೈಯಲ್ಲಿ ನಿಂತು ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು. ಈಗ ಎದ್ದು "ಸಾಕು, ಕೂಸಿನ ಕೈಗೆ ಕೊಡು" ಎಂದರೆ ಅವಳ ಬಾಯಿ ಎರಡನೇ ಸಲ ಮುಚ್ಚಿಸಿದಂತೆ. ಅನ್ನದಿದ್ದರೆ ಪಕ್ಕದಲ್ಲಿ ಕೂತಿದ್ದವಳ ಗತಿ ಏನು? ನಾನು ಬೆಳ್ಳುಳ್ಳಿ ಸುಲಿದೆ.

ಸೊಸೆ ಫೋನಿಟ್ಟಳು. ಮುಖ ಕೆಂಪಾಗಿತ್ತು. "ಕೊಟ್ರು," ಎಂದಳು. ಆಮೇಲೆ ಮೆಟ್ಟಿಲ ಮೇಲೆ ಮಗಳನ್ನು ನೋಡಿದಳು. "ನಿನಗೆ ಕೊಟ್ರು. ಸೀಟು."

"ಓಕೆ," ಎಂದಳು ಹುಡುಗಿ. ಮೇಲೆ ಹೋಗಿ ತಲೆ ಒಣಗಿಸಿಕೊಂಡಳು. ಡ್ರೈಯರಿನ ಸದ್ದು ಬಹಳ ಹೊತ್ತು ಕೇಳಿತು.

ಇಂಗ್ಲೆಂಡಿನ ವೀಸಾಕ್ಕೆ ಲಾಸ್ ಏಂಜಲೀಸಿಗೆ ಹೋಗಬೇಕಿತ್ತು. ಒಬ್ಬಳನ್ನೇ ಮನೆಯಲ್ಲಿ ಬಿಡುವುದು ಬೇಡ ಎಂದು ನನ್ನನ್ನೂ ಕಾರಿನಲ್ಲಿ ಹಾಕಿಕೊಂಡರು. ಮಗ, ಸೊಸೆ ಕಾಗದ ಜೋಡಿಸುತ್ತ ವೀಸಾ ಆಫೀಸಿನ ಕೌಂಟರಿನ ಹತ್ತಿರ ನಿಂತಾಗ ಹುಡುಗಿ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು.

"ಆಯಿ, ಒಳಗೆ ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ? ಕಾಲೇಜಿನವ್ರಿಗೆ ಗೊತ್ತಿರೋದು ಮಮ್ಮಿ ಥರದ ನಾನು."

ಅವಳು ಆ ಮನೆಯವರಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಅದು ಅವತ್ತು, ನನ್ನನ್ನು. ಹೋಗಲಾ, ಬೇಡವಾ ಎಂದೇ ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯದೆ ಏನಿರಲಿಲ್ಲ. ನಾನು ಹೇಳಿದ್ದು ಇಷ್ಟು: "ನಿಮ್ಮವ್ವ ಏನ್ ಹೇಳ್ಯಾಳೋ ಅದನ್ನ ಹೇಳು. ಕೆರಿ ನೀರು."

ಅವಳು ತಲೆಯಾಡಿಸಿದಳು. ಹತ್ತು ನಿಮಿಷಕ್ಕೆ ಹೊರಗೆ ಬಂದಳು. "ಕೆರೆ ಹೇಳ್ದೆ," ಎಂದಳು. "ಅವ್ರಿಗೆ ತುಂಬ ಇಷ್ಟ ಆಯ್ತು." ಮಾತಾಡುವಾಗ ಬಲಗೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದು ಹನಿ ಎಂದು ತೋರಿಸಿದಳು. ಅದು ಸೊಸೆಯ ಅಭ್ಯಾಸ. ಹುಡುಗಿ ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಲ್ಲಿಂದ ನಾರ್ತ್‌ರಿಜ್‌ಗೆ ಹೋಗಿ ಅವಳ ಸಾಮಾನು ತಂದೆವು. ಗೆಳತಿಯರು ಬಾಗಿಲಲ್ಲಿ ನಿಂತು ಅತ್ತರು. ಇವಳು ಅಳಲಿಲ್ಲ, ಮಡಿಕೆ ಬಿಚ್ಚದ ಹೊದಿಕೆಗಳನ್ನು ಡಿಕ್ಕಿಯಲ್ಲಿಟ್ಟು ನನಗೆ ಸೀಟ್ ಬೆಲ್ಟು ಹಾಕಿದಳು.

ಸೆಪ್ಟೆಂಬರಿನಲ್ಲಿ ಅವಳು ಹೋದಳು. ಆ ತಿಂಗಳು ಮುಗಿಯುವ ಮೊದಲೇ ಮಗನಿಗೆ ಲಾಸ್ ಏಂಜಲೀಸ್ ಕಡೆ ಬೇರೆ ಕೆಲಸ ಸಿಕ್ಕಿತು, ವೀಸಾ ಉಳಿಯಿತು. ನಾರ್ತ್‌ರಿಜ್‌ನ ಆ ರೂಮಿಗೆ ಕೆಲಸದ ಹತ್ತಿರ ಗೊತ್ತು ಮಾಡಿದ ಹೊಸ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಅಷ್ಟೇ.

"ಕರಸ್ಕೊಳ್ಳೂಣೇನು?" ಎಂದೆ.

"ಈಗ ಸೇರಿ ಆಗೇತಿ, ಅವ್ವಾ. ವರ್ಷ ಹಾಳಾಗ್ತದ," ಎಂದ ಮಗ.

"ಅವಳಿಗೆ ಅಲ್ಲಿ ಹಿಡಿಸಿದೆ," ಎಂದಳು ಸೊಸೆ.

ಮತ್ತೆ ನಾನು ಹೋದದ್ದು 2006ರಲ್ಲಿ, ಅವರ ಆ ಹೊಸ ಮನೆಗೆ, ವೆಸ್ಟ್ ಕೊವಿನಾದ ಅಪಾರ್ಟ್‌ಮೆಂಟಿಗೆ. ಹುಡುಗಿ ಕಾಲಿಡದ ಮನೆ ಅದು. ಆದರೂ ಅವಳಿಗೊಂದು ಕೋಣೆ, ನಾರ್ತ್‌ರಿಜ್‌ಗೆ ಹೋಗಿ ಬಂದ ಹೊದಿಕೆ. ನನ್ನನ್ನು ಅದೇ ಕೋಣೆಯಲ್ಲಿ ಮಲಗಿಸಿದರು. ಮಧ್ಯಾಹ್ನ ಕಣ್ಣು ಹತ್ತಿದಾಗ ಅಡುಗೆಮನೆಯಿಂದ ಅವಳ ಇಂಗ್ಲಿಷು ಕೇಳುತ್ತಿತ್ತು. ಒಂದು ದಿನ ಎದ್ದು, ಗೋಡೆ ಹಿಡಿದು ಹೋಗಿ, "ಯಾವಾಗ ಬಂದೆವ್ವಾ?" ಎಂದೆ. ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ ಸೊಸೆ ತಿರುಗಿದಳು. ವಯಸ್ಸಾಯಿತು, ಕಿವಿ ಹೋಯಿತು ಎಂದುಕೊಂಡಿರಬೇಕು. ನನ್ನ ಕಿವಿ ಚೆನ್ನಾಗಿಯೇ ಇತ್ತು. ಗೊತ್ತಿದ್ದರೂ ಅದಾದ ಮೇಲೆ ಇನ್ನೂ ಎರಡು ಸಲ ಎದ್ದು ಹೋದೆ.

ಭಾನುವಾರ ಬೆಳಿಗ್ಗೆ ಇಂಗ್ಲೆಂಡಿನಿಂದ ಫೋನು ಬರುತ್ತಿತ್ತು. ಒಂದು ಭಾನುವಾರ ಸೊಸೆ ಕೆಳಗೆ ಬಟ್ಟೆ ತೊಳೆಯಲು ಹೋಗಿದ್ದಳು, ನಾನೇ ಎತ್ತಿದೆ. ಊಟ, ಚಳಿ, ಕೂದಲು ಎಲ್ಲ ಕೇಳಿಯಾಯಿತು. ಎಲ್ಲದಕ್ಕೂ ಚೆನ್ನಾಗಿದೆ ಎಂದಳು. ಓದು ಹೇಗೆ ಎಂದರೆ ಕ್ಲಾಸಿಗೇ ಎರಡನೆಯವಳು ಎಂದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ಅಲ್ಲಿ ಹೋಗಬೇಕಂತ ನಿನಗ ಇತ್ತೇನು?" ಎಂದೆ.

"ನನಗೆ ಹೇಗೆ ಗೊತ್ತಾಗುತ್ತೆ, ಆಯಿ?" ಎಂದಳು. ಕೋಪ ಇರಲಿಲ್ಲ. "ಯಾಕೆ ಬಂದೆ ಅಂತ ಇಲ್ಲೂ ಎಲ್ರೂ ಕೇಳ್ತಾರೆ. ಕೆರೆ ಹೇಳ್ತೀನಿ. ಈಗ ಆ ಕೆರೆ ನಾನೇ ನೋಡಿದೀನೇನೋ ಅನ್ಸುತ್ತೆ. ನಿಮ್ಗೆ ಬೇಕಿದ್ರೆ ಮಮ್ಮಿನ ಕೇಳಿ."

ಬಟ್ಟೆಯ ಬುಟ್ಟಿ ಹೊತ್ತು ಸೊಸೆ ಬಂದಳು. "ಯಾರು, ಅವಳಾ? ಕೊಡಿ, ಕೊಡಿ," ಎಂದಳು. "ಏನಂತೆ, ಅತ್ತೆ?"

"ನಿನ್ನ ಕೇಳು ಅಂದ್ಲು."

"ಏನನ್ನ?"

ನಾನು ಫೋನ್ ಆಕೆಯ ಕೈಗೆ ಕೊಟ್ಟೆ. ಪ್ರತಿ ವಾರದಂತೆ ಆಕೆ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು, ಈ ವಾರ ಲ್ಯಾಬಿನಲ್ಲಿ ಏನು ನೋಡಿದೆ ಎಂದು ಕೇಳಿದಳು. ಆ ಕಡೆಯವಳು ಹೇಳುತ್ತ ಹೋದಳು. ಈಕೆ "ಆಮೇಲೆ? ಆಮೇಲೆ?" ಎನ್ನುತ್ತ, ಕಣ್ಣು ಅಗಲ ಮಾಡಿ, ಒದ್ದೆ ಬಟ್ಟೆ ಮರೆತು ಕೂತಳು. ಅಲ್ಲಿ ಹೋಗಬೇಕೆಂದು ಇದ್ದದ್ದು ಮಗಳಿಗೋ ನಿನಗೋ ಎಂದು ನಾನು ಆಕೆಯನ್ನು ಕೇಳಲಿಲ್ಲ. ಅದಾದ ಮೇಲೂ ಕೇಳಿಲ್ಲ.