ಗಾಜಿನ ಮೇಲೆ ಮೂರು ಬೆರಳು

ಸತ್ತಿ ಊರಾಚೆಯ ದ್ರಾಕ್ಷಿ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಟಣಿ ಮುಗಿದು ಬಳ್ಳಿಗಳೆಲ್ಲ ಬೋಳಾಗಿವೆ, ಕಲ್ಲಿನ ಕಂಬಗಳು ಮಾತ್ರ ಸಾಲು ಹಿಡಿದು ನಿಂತಿವೆ. ಹಿರಿಯ ಹೆಂಗಸೊಬ್ಬರು ಆ ಕಂಬಗಳಿಗೆ ಒಂದೊಂದಾಗಿ ಕರಿ ಉಣ್ಣೆಯ ದಾರ ಸುತ್ತುತ್ತಿದ್ದಾರೆ. ತೋಟಕ್ಕೆ ಯಾರದೋ ಕಣ್ಣು ಬಿದ್ದಿರಬೇಕು, ದೃಷ್ಟಿಗೆ ಕಟ್ಟುತ್ತಿದ್ದಾರೆ ಎಂದುಕೊಂಡು ನಾನು ಬದುವಿನ ಮೇಲೆಯೇ ನಿಲ್ಲುತ್ತೇನೆ. ದಾರ ಸುತ್ತಿ ಮುಗಿಸಿ ಅವರು ಬಗಲಚೀಲದಿಂದ ಕಂಬಳಿ ತುಂಡಿನ ಗಂಟೊಂದನ್ನು ತೆಗೆದು ಬಿಚ್ಚುತ್ತಾರೆ. ಎಲೆ ಅಡಿಕೆ ಇರಬೇಕೆಂದು ನೋಡಿದರೆ, ಒಳಗಿರುವುದು ಹಳೆಯ ಫಿಲ್ಮ್ ಕ್ಯಾಮೆರಾ ಮತ್ತು ಅಂಗೈ ತುಂಬುವಂಥ ಒಂದು ಲೆನ್ಸು. ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಆ ದಿನ ಅದೇ ಮೊದಲು. ಕೊನೆಯಂತೂ ಅಲ್ಲ.

"ಬರ್ರಿ ಸರ, ಹಂಗ್ಯಾಕ ದೂರ ನಿಂತ್ರಿ? ಕಂಬದ ಸಾಲಿಗಿ ಮಾತ್ರ ಅಡ್ಡ ಬರಬ್ಯಾಡ್ರಿ," ಎನ್ನುತ್ತಾರೆ ಲಗಮವ್ವ. ಪತ್ರಿಕೆಗೆ ಬರೆಯಲೆಂದು ನಾನು ಹುಡುಕಿಕೊಂಡು ಬಂದದ್ದು ಇವರನ್ನೇ.

ಐವತ್ತೆಂಟರ ಲಗಮವ್ವ ಹಳೆಯ ಲೆನ್ಸುಗಳನ್ನು ಪರೀಕ್ಷಿಸಿ, ಕೊಳ್ಳುವಂಥದ್ದೋ ಅಲ್ಲವೋ ಹೇಳುವವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಯಾರ ಟ್ರಂಕಿನಲ್ಲಿ ಹಳೆಯ ಕ್ಯಾಮೆರಾ ಸಿಕ್ಕರೂ ಅದು ಒಂದಲ್ಲ ಒಂದು ಬಸ್ಸಿನಲ್ಲಿ, ಕಂಡಕ್ಟರ್ ಕೈಯಲ್ಲಿ ಸತ್ತಿಗೆ ಬಂದು ಇಳಿಯುತ್ತದೆ. ಗಡಿಯಾಚೆಯ ಮಿರಜ, ಕೊಲ್ಹಾಪುರದಿಂದಲೂ ಬರುತ್ತವೆ. ಫಿಲ್ಮ್ ಹುಚ್ಚು ಹೊಸದಾಗಿ ಹಿಡಿದಿರುವ ತರುಣರು ಅಲ್ಲಿ ಕಡಿಮೆಯಿಲ್ಲ. "ನಿಪ್ಪಾಣಿದು ಬಿಚ್ಚಿದ್ರ ತಂಬಾಕದ ಘಾಟ ಮೂಗಿಗಿ ಬಡಿತೈತ್ರಿ. ಜುಗೂಳ ಕಡೇವು ಬಂದ್ರ ಹೊಳಿ ನೀರು ಹೊಕ್ಕು ಬೂಷ್ಟ ಹಿಡದಿರ್ತೈತಿ. ವಿಳಾಸ ಓದೂದ ಬ್ಯಾಡ," ಎಂದು ನಗುತ್ತಾರೆ.

ಇವತ್ತು ಕೈಯಲ್ಲಿರುವುದು ಇದೇ ತೋಟದ ಮಾಲೀಕ ಬಾಬಾಸಾಹೇಬರ ಲೆನ್ಸು. ಅವರ ತಂದೆ ಮಿರಜದ ಅಂಗಡಿಯೊಂದರಲ್ಲಿ ಕೊಂಡು ತಂದು, ಟ್ರಂಕಿನಲ್ಲಿಟ್ಟು, ಒಂದು ಫೋಟೊವನ್ನೂ ತೆಗೆಯದೆ ತೀರಿಕೊಂಡರು. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಎಂಬತ್ತೈದು ಮಿಲಿಮೀಟರಿನ ಲೆನ್ಸು. ಮಸುಕು ಬೆಳಕಿನಲ್ಲೂ ಚಿತ್ರ ಹಿಡಿಯುವಷ್ಟು ದೊಡ್ಡ ಕಣ್ಣು ಅದರದು. ಕೊಲ್ಹಾಪುರದ ರೋಹನ ಎಂಬ ತರುಣ ಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾನೆ. ಗಾಜಿನ ಮೇಲೆ ಒಂದೂ ಗೀರಿಲ್ಲ ಎಂದು ಬಾಬಾಸಾಹೇಬರು ಅವನಿಗೆ ಮಾತು ಕೊಟ್ಟಾಗಿದೆ. ಅವನದು ಒಂದೇ ಹಟ: ಲಗಮವ್ವ ಹೂಂ ಅನ್ನಬೇಕು.

ಈ ಲೆನ್ಸು ಕೂರುವುದು ರೇಂಜ್‌ಫೈಂಡರ್ ಕ್ಯಾಮೆರಾದ ಮೇಲೆ. ಅದರಲ್ಲಿ ಲೆನ್ಸಿನ ಮೂಲಕ ನೋಡಲು ಬರುವುದಿಲ್ಲ. ಮೇಲಿನ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟರೆ ಒಂದೇ ಕಂಬ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಎರಡೂ ಒಂದರ ಮೇಲೊಂದು ಬಂದು ಕೂಡುತ್ತವೆ. ಫೋಕಸ್ ಆಯಿತೆಂದು ಕಿಂಡಿ ಹೇಳುತ್ತದೆ; ಲೆನ್ಸು ಆ ಮಾತು ಕೇಳಿತೋ ಇಲ್ಲವೋ ಫಿಲ್ಮ್ ತೊಳೆದ ಮೇಲೆಯೇ ತಿಳಿಯುವುದು. ಇಂಥ ದೊಡ್ಡ ಕಣ್ಣನ್ನು ಪೂರ್ತಿ ತೆರೆದರೆ ಗೇಣುದ್ದದ ಜಾಗ ಮಾತ್ರ ಸ್ಪಷ್ಟ, ಹಿಂದುಮುಂದಿನದೆಲ್ಲ ಕರಗಿಹೋಗುತ್ತದೆ. ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಮೂಗಿಗೆ ಹಿಡಿದ ಫೋಕಸ್ ಕಿವಿಗೆ ಹೋಗಿ ಕೂರುತ್ತದೆ.

ದ್ರಾಕ್ಷಿ ಕಂಬಗಳು ಬೇಕಾಗಿರುವುದು ಅದಕ್ಕೇ. ಒಂದೇ ಅಂತರ, ಒಂದೇ ಎತ್ತರ, ಗಾಳಿಗೆ ಅಲುಗಾಡುವುದೂ ಇಲ್ಲ. "ನಡುವಿನ ಕಂಬಕ್ಕ ಹಿಡೀತೀನ್ರಿ. ಅದರ ಉಣ್ಣಿ ಜುಂಗ, ಒಂದೊಂದ ಎಳಿ, ಎದ್ದು ಕಾಣಬೇಕು. ಹಿಂದಿನ ಕಂಬದ ಉಣ್ಣಿ ಚಂದ ಕಂಡ್ರ ಲೆನ್ಸ್ ಸುಳ್ಳ ಹೇಳಾಕತ್ತೈತಿ ಅಂತ. ಹತ್ತಿ ದಾರ ನಡಿಯಂಗಿಲ್ಲ, ಅದು ಭಾಳ ಸಾಪ, ಎಳಿ ಏಳಂಗಿಲ್ಲ," ಎನ್ನುತ್ತ ಲಗಮವ್ವ ಉಸಿರು ಹಿಡಿದು ಕ್ಯಾಮೆರಾ ಒತ್ತುತ್ತಾರೆ. ಅಷ್ಟರಲ್ಲಿ ಹೊತ್ತು ಮೂಡಿದೆ; ಸೂರ್ಯ ಬೆನ್ನಿಗಿರುವಂತೆ ಕೆಲವು, ಸಾಲಿನ ಆ ತುದಿಗೆ ಹೋಗಿ ಸೂರ್ಯನಿಗೆ ಎದುರಾಗಿ ಎರಡು.

ನನಗೆ ಸೋಜಿಗವೆನಿಸಿದ್ದು, ಇಷ್ಟೆಲ್ಲ ಮಾಡುವಾಗ ಅವರು ಲೆನ್ಸಿನ ಗಾಜನ್ನು ಒಮ್ಮೆಯೂ ನೋಡದೇ ಇದ್ದದ್ದು. ಮುಚ್ಚಳ ತೆಗೆಯುವಾಗಲೂ ಮುಖ ಆಚೆ ತಿರುಗಿಸುತ್ತಾರೆ. ಹೊಸ ಸೊಸೆ ಮಾವನೆದುರು ನಡೆದುಕೊಂಡಂತೆ ಕಂಡು ನಾನು ನಕ್ಕೇಬಿಟ್ಟೆ. ಅವರು ನಗಲಿಲ್ಲ. "ಮೊದಲ ಗಾಜ ನೋಡಿದ್ರ ಮನಸ್ಸು ಕೆಡತೈತ್ರಿ. ಸಣ್ಣ ಗೀರ ಕಂಡ್ರ ಇದು ಹಾಳ ಅನಸ್ತೈತಿ, ಥಳಥಳ ಹೊಳದ್ರ ಚಲೋ ಅನಸ್ತೈತಿ. ಎರಡೂ ಖರೇ ಅಲ್ಲ. ಮೊದಲ ಅದರ ಕೆಲಸ ನೋಡಬೇಕು, ಆಮ್ಯಾಲ ಮಾರಿ."

ಕುರಿ ಕಾಯುವ ಮನೆತನದ ಲಗಮವ್ವ ಕೆಲಸಕ್ಕೆಂದು ಹಾರೂಗೇರಿಗೆ ಹೋದಾಗ ಇನ್ನೂ ಹುಡುಗಿ. ಬಾಳೇಶ ಎಂಬುವರ ಫೋಟೊ ಸ್ಟುಡಿಯೊದಲ್ಲಿ ಕಸ ಹೊಡೆಯುವುದು, ಫೋಟೊ ತೊಳೆಯಲು ನೀರು ಹೊರುವುದು ಇಷ್ಟೇ ಕೆಲಸ. ಕೈ ಶುದ್ಧವಿದೆಯೆಂದು ಬಾಳೇಶರು ಮುಂದೆ ಫಿಲ್ಮ್ ತೊಳೆಯಲು ಕೂರಿಸಿದರು, ಮುಪ್ಪು ಬಂದ ಮೇಲೆ ಲೆನ್ಸು ಬಿಚ್ಚಿ ಕೂಡಿಸುವುದನ್ನೂ ಕಲಿಸಿದರು. ಅಷ್ಟರಲ್ಲಿ ಸ್ಟುಡಿಯೊದ ಒಳ್ಳೆಯ ಸಾಮಾನೆಲ್ಲ ಮಿರಜದ ಅಂಗಡಿಗೆ ಮಾರಿಹೋಗಿತ್ತು. ಅವರು ತೀರಿಕೊಂಡಾಗ ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂತು. ತೊಳೆಯುವ ತಟ್ಟೆ, ಸಣ್ಣ ಸ್ಕ್ರೂಡ್ರೈವರುಗಳು, ಒಂದು ಭೂತಗನ್ನಡಿ ಲಗಮವ್ವನ ಪಾಲಿಗೆ ಉಳಿದವು. ಗಂಡನಿಲ್ಲದ ಮನೆ ನಡೆದದ್ದು, ಮಗಳು ಭಾಗ್ಯಾಳ ಮದುವೆಯಾದದ್ದು ಇವುಗಳ ಮೇಲೆಯೇ. ಊರಿನವರಿಗೆ ಮಾತ್ರ ಲಗಮವ್ವ ಇವತ್ತಿಗೂ ಹಾಳು ಸಾಮಾನು ಇಟ್ಟುಕೊಂಡು ಕೂತ ಮುದುಕಿ.

ಬಿಸಿಲು ಏರುವ ಹೊತ್ತಿಗೆ ಲಗಮವ್ವನ ಮನೆಯ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಒಣಗಿದೆ. ಬಾಬಾಸಾಹೇಬರೂ ಬಂದು ಹೊರಸಿನ ಮೇಲೆ ಕೂತಿದ್ದಾರೆ. ನೆಗೆಟಿವಿನಲ್ಲಿ ಕರಿ ಉಣ್ಣೆ ಬೆಳ್ಳಗೆ ಕಾಣುತ್ತದೆ. ಭೂತಗನ್ನಡಿ ಹಿಡಿದು ಲಗಮವ್ವ ನನಗೂ ತೋರಿಸುತ್ತಾರೆ. ನಡುವಿನ ಕಂಬದ ಉಣ್ಣೆಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿದೆ. ಆಚೆ ಈಚೆಯ ಕಂಬಗಳು ಬೆಣ್ಣೆಯಂತೆ ಕರಗಿವೆ. "ಮಸ್ತ ಐತ್ರಿ ಅಣ್ಣಾರ!" ಎಂದು ಲಗಮವ್ವ, "ನಾ ಹೇಳಿರ್ಲಿಲ್ಲೇನು?" ಎಂದು ಬಾಬಾಸಾಹೇಬರು. ಆದರೆ ಸೂರ್ಯನಿಗೆ ಎದುರಾಗಿ ತೆಗೆದ ಎರಡು ಚಿತ್ರಗಳಲ್ಲಿ ಕಂಬ, ಉಣ್ಣೆ, ಆಕಾಶ ಎಲ್ಲವೂ ಒಂದೇ ಮಬ್ಬಿನಲ್ಲಿ ಮುಳುಗಿವೆ. ಲಗಮವ್ವನ ನಗೆ ಅಲ್ಲಿಗೆ ನಿಲ್ಲುತ್ತದೆ.

ಈಗ ಗಾಜು ನೋಡುವ ಸರದಿ. ಬಾಗಿಲು ಮುಂದೆ ಮಾಡಿ, ಲೆನ್ಸಿನ ಹಿಂದಿನಿಂದ ಮೊಬೈಲಿನ ಟಾರ್ಚ್ ಬಿಡುತ್ತಾರೆ. ಹಗಲ ಬೆಳಕಿನಲ್ಲಿ ಸ್ವಚ್ಛವಾಗಿ ಕಂಡಿದ್ದ ಗಾಜು ಇದೇನಾ ಎನ್ನುವಂತಾಗುತ್ತದೆ. ನೇರಳೆ ಬಣ್ಣದ ತೆಳು ಲೇಪ ಗಾಜಿನ ತುಂಬ ಹೊಳೆಯುತ್ತಿದೆ, ನಡುವೆ ಮೂರು ಕಡೆ ಅದು ಇಲ್ಲವೇ ಇಲ್ಲ. ಅಡ್ಡಡ್ಡ ಮೂರು ಗೆರೆ. ಯಾರ ಹಣೆಯ ಮೇಲೆ ಕಂಡರೂ ಕೈಮುಗಿಯುವಂಥ ಮೂರು ಗೆರೆ, ವಿಭೂತಿಯ ಆಕಾರದಲ್ಲಿ, ಗಾಜಿನೊಳಗೇ ಇಳಿದು ಕೂತಿವೆ. ಬಾಬಾಸಾಹೇಬರು ಹೊರಸಿನಿಂದ ಎದ್ದು ನಿಂತರು.

ದಸರೆಯ ಖಂಡೆ ಪೂಜೆಗೆ ಕುಡಗೋಲು, ಹೊಲಿಗೆ ಯಂತ್ರ, ಟ್ರ್ಯಾಕ್ಟರ್, ದುಡಿಯುವ ಯಾವುದನ್ನೂ ಬಿಡದೆ ವಿಭೂತಿ ಹಚ್ಚುವ ಸೀಮೆ ಇದು. ಕಬ್ಬಿಣಕ್ಕೆ ಅದರಿಂದ ಏನೂ ಆಗುವುದಿಲ್ಲ. ಹಳೆಯ ಲೆನ್ಸಿನ ಲೇಪ ಮಾತ್ರ ಬಲು ಮೆತ್ತನೆಯದು. ಹಸಿ ಬೂದಿ ಹಚ್ಚಿ ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಧೋತರದ ಚುಂಗಿನಿಂದ ತಿಕ್ಕಿ ಒರೆಸಿದರೆ ಅದು ಉಳಿಯುವುದೆಲ್ಲಿಂದ! ಯಾರೋ ಪುಣ್ಯಾತ್ಮರು ವರ್ಷ ವರ್ಷವೂ ಅದೇ ಜಾಗಕ್ಕೆ ಭಕ್ತಿಯಿಂದ ಹಚ್ಚಿದ್ದಾರೆ ಎಂದು ನಾನು ಜಾಣತನದ ಮಾತಾಡಿದೆ. ತಿರುಗಿ ನೋಡಿದರೆ ಲಗಮವ್ವ ಕೆಳಗಿನ ಗೆರೆಯ ಮೇಲೆ ಭೂತಗನ್ನಡಿ ಹಿಡಿದಿದ್ದಾರೆ.

ಕೆಳಗಿನ ಗೆರೆ ಉಳಿದೆರಡರಂತಿರಲಿಲ್ಲ. ಅರ್ಧಕ್ಕೆ ಶುರುವಾಗಿ ತೆಳ್ಳಗೆ ಹೋಗಿತ್ತು. ಲಗಮವ್ವ ಬಲಗೈಯ ಮೂರು ಬೆರಳುಗಳನ್ನು ಗಾಜಿಗೆ ತಾಗದಂತೆ ಮೇಲೆ ಹಿಡಿದರು. ಆಗಲೇ ನಾನು ಆ ಕೈಯನ್ನು ಸರಿಯಾಗಿ ನೋಡಿದ್ದು. ಉಂಗುರ ಬೆರಳಿಗೆ ತುದಿಯಿಲ್ಲ. ಸಣ್ಣವರಿದ್ದಾಗ ಉಣ್ಣೆ ಕತ್ತರಿಸುವ ಕತ್ತರಿಗೆ ಸಿಕ್ಕಿದ್ದಂತೆ. ಬೆರಳುಗಳು ಗೆರೆಗಳ ಮೇಲೆ ಅಚ್ಚಿಗೆ ಅಚ್ಚು ಕೂತವು.

"ಇವು ನನ್ನ ಬೆರಳ್ರಿ," ಎಂದರು ಲಗಮವ್ವ. "ಸ್ಟುಡಿಯೊ ಮಾಲಕರು ಖಂಡಿ ಪೂಜಿಗಿ ಎಲ್ಲಾ ಲೆನ್ಸ್ ಹಲಗಿ ಮ್ಯಾಗ ಇಡ್ತಿದ್ರು. ವಿಭೂತಿ ಹಚ್ಚೂದು ನನ್ನ ಕೆಲಸ. ಆವಾಗ ನನಗ ಲೆನ್ಸ್ ಅಂದ್ರ ಎಲ್ಲಾ ಒಂದ. ದೇವರದು ಒರಸಬಾರದು ಅಂತ ಹಂಗ ಬಿಡ್ತಿದ್ವಿ. ಮಿರಜಕ್ಕ ಮಾರಿದ್ದು ಇದನ್ನಽ ಏನ್ರಿ?"

ಇಡೀ ಸೀಮೆಯ ಲೆನ್ಸುಗಳ ಹಣೆಬರಹ ಓದುವ ಕೈಯೇ ಇದನ್ನು ಬರೆದಿತ್ತು! ಮೊದಲು ಚೇತರಿಸಿಕೊಂಡವರು ಬಾಬಾಸಾಹೇಬರು. "ಆಗಿದ್ದ ಆತು ಬಿಡು ಲಗಮವ್ವ. ಈ ಸುದ್ದಿ ಈ ಮನಿ ಬಿಟ್ಟು ಹೊರಗ ಹೋಗೂದ ಬ್ಯಾಡ. ಫೋಕಸ್ ಬರೊಬ್ಬರಿ ಐತಿಲ್ಲ, ಅಷ್ಟ ಹೇಳು. ಅದೇನು ಸುಳ್ಳಲ್ಲಲ್ಲ? ನಾ ಅವಂಗ ಮಾತ ಕೊಟ್ಟೀನಿ. ಇಷ್ಟ ವರ್ಸ ನಮ್ಮ ದ್ರಾಕ್ಷಿ ಪಡದಾಗ ನಿನ್ನ ಬಿಟ್ಟೀನಿ, ಅದನ್ನರ ನೆನಪ ಇಟಗೋ," ಎನ್ನುತ್ತಲೇ ರೋಹನನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ನಡುವೆ ಇಟ್ಟರು.

ನಾನು ಲಗಮವ್ವನನ್ನೇ ನೋಡುತ್ತಿದ್ದೆ. ನಿಜ ಹೇಳಿದರೆ ಆ ಕಂಬಗಳ ಸಾಲು ಕೈತಪ್ಪುತ್ತದೆ. ಪೂರ್ತಿ ನಿಜ ಹೇಳಿದರೆ, ಲೆನ್ಸು ಪರೀಕ್ಷಿಸುವವಳೇ ಲೆನ್ಸು ಕೆಡಿಸಿದವಳು ಎಂದು ಕೊಲ್ಹಾಪುರದ ತನಕ ಸುದ್ದಿಯಾಗುತ್ತದೆ. ಆ ಮೇಲೆ ಯಾವ ಬಸ್ಸಿನಲ್ಲಿ ಯಾರು ಕಳಿಸುತ್ತಾರೆ?

"ಮಾವಶಿ, ಕಾಚ್ ಕಶೀ ಆಹೇ? ಗಾಜ ಕ್ಲೀನ್ ಐತಿಲ್ಲ?" ರೋಹನನ ದನಿಯಲ್ಲಿ ಆತುರ.

"ಫೋಕಸ್ ಬರೊಬ್ಬರಿ ಐತಿ ಬಾಳಾ. ಬೆಳಕು ಬೆನ್ನಿಗಿದ್ರ ಉಣ್ಣಿ ಎಳಿ ಎಣಸಬಹುದು. ಆದ್ರ ಸೂರ್ಯಾಗ ಎದುರು ಹಿಡದ್ರ ಚಿತ್ರ ಮುಳಗತೈತಿ. ಗಾಜಿನ ಮ್ಯಾಗ ಮೂರು ಗೆರಿ ಅದಾವು. ಏನ ಮಾಡಿದ್ರೂ ಹೋಗಂಗಿಲ್ಲ."

"ಗೆರಿ? ಬಾಬಾಸಾಹೇಬ ಕಾಕಾ ಒಂದೂ ಇಲ್ಲ ಅಂದಿದ್ರಲ್ಲ! ಯಾರ ಮಾಡ್ಯಾರ?"

"ಅವರಿಗಿ ಗೊತ್ತಿರ್ಲಿಲ್ಲ. ಮಾಡಿದಾಕಿ ನಾನ."

"ಮಾವಶಿ, ತುಮ್ಹೀ? ನೀವಽ?" ಎಂದಷ್ಟೇ ಕೇಳಿಸಿತು. ಆಮೇಲೆ, ವಿಚಾರ ಮಾಡಿ ಹೇಳುತ್ತೇನೆ ಎಂದು ಫೋನಿಟ್ಟ. ಬಾಬಾಸಾಹೇಬರು ಲೆನ್ಸನ್ನು ಟವೆಲಿನಲ್ಲಿ ಸುತ್ತಿಕೊಂಡರು. ಹೊಸ್ತಿಲು ದಾಟುವಾಗ, "ನಾಳಿಂದ ಪಡದಾಗ ಬರಬ್ಯಾಡ," ಎಂದರು. ಬೈಗುಳವಲ್ಲ, ಕೂಗಾಟವಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಸಂಜೆ ಲಗಮವ್ವ ತೋಟದಲ್ಲಿ ಕಂಬಗಳಿಗೆ ಕಟ್ಟಿದ್ದ ಉಣ್ಣೆ ಬಿಚ್ಚಿ ಉಂಡೆ ಸುತ್ತುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಗೆರೆ ಇವೆ ಎಂದರೆ ಸಾಕಿತ್ತು, ಮಾಡಿದ್ದು ನಾನೇ ಎಂದು ಯಾಕೆ ಹೇಳಿದಿರಿ ಎಂದು ಹೆಚ್ಚುಕಡಿಮೆ ಜಗಳಕ್ಕೇ ನಿಂತೆ.

"ಅಂವ ಕೇಳಿದ, ನಾ ಹೇಳಿದೆ," ಎಂದರು. ಸ್ವಲ್ಪ ಹೊತ್ತು ದಾರ ಸುತ್ತಿ, "ಆ ಹಲಗಿ ಮ್ಯಾಗ ಇದೊಂದ ಇರಲಿಲ್ರಿ ಸರ. ಸಾಲ ಸಾಲ ಇರ್ತಿದ್ದುವು. ಎಲ್ಲಾದಕ್ಕೂ ನಾನ ಹಚ್ಚೀನಿ," ಎಂದರು.

ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಅಷ್ಟೂ ಲೆನ್ಸುಗಳು ಮಿರಜದಿಂದ ಯಾವ ಯಾವ ಊರಿಗೆ ಹೋಗಿವೆಯೋ, ಯಾರ ಯಾರ ಕೈ ಸೇರಿವೆಯೋ. ಮುಂದೇನು ಮಾಡುತ್ತೀರಿ, ನಿಮ್ಮ ಆಸೆ ಏನು ಎಂದು ಕೇಳಿದೆ. ಪತ್ರಿಕೆಯವರು ಕೊನೆಗೆ ಕೇಳುವ ಮಾಮೂಲು ಪ್ರಶ್ನೆ ಅದು.

ಲಗಮವ್ವ ಉಂಡೆಯನ್ನು ಚೀಲಕ್ಕೆ ಹಾಕಿ, ಬಲಗೈಯನ್ನು ಕಂಬದ ಮೇಲೆ ಅಗಲವಾಗಿ ಊರಿದರು. ಈ ಬರಹದ ಜೊತೆ ಅವರ ಮುಖ ಇಲ್ಲದಿರುವುದಕ್ಕೆ ಕಾರಣ ಅವರ ಮಾತೇ.

"ಪೇಪರದಾಗ ನನ್ನ ಮಾರಿ ಹಾಕಬ್ಯಾಡ್ರಿ, ಈ ಕೈ ಹಾಕ್ರಿ. ಯಾರ ಲೆನ್ಸಿನ್ಯಾಗ ಗೆರಿ ಅದಾವು, ಅವರು ಈ ಬೆರಳಿಗಿ ಕೂಡಿಸಿ ನೋಡ್ಲಿ. ಬಿಸಲಿಗಿ ತಗದ ಫೋಟೊ ಕೆಟ್ಟಾಗೊಮ್ಮೆ ತಮಗ ಫೋಟೊ ತಗಿಯಾಕ ಬರೂದಿಲ್ಲ ಅಂತ ತಿಳಕೊಂಡಿರ್ತಾರ ಪಾಪ. ತಪ್ಪ ಅವರ ಕೈಯಾಂದಲ್ಲ ಅಂತ ಗೊತ್ತಾಗ್ಲಿ."